ವ್ಯಾನಿಗೆ ಮೊದಲು ಕಕ್ಕಸು, ಜಾಗ ಉಳಿದ್ರೆ ಟೀವಿ

ನಮ್ಮನೆ ಗಂಡಸರು ಒಂದು ವ್ಯಾನ್ ತಗಳೋಕೆ ಹೊಂಟವ್ರೆ. ಒಳಗೇ ಮಂಚ, ಒಲೆ, ಎಲ್ಲಾ ಇರೋ ವ್ಯಾನು. ಹೋದ ವರ್ಷ 2025ರಲ್ಲಿ ತಿಪಟೂರು ಮಾರ್ಕೆಟ್ಟಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 20,000 ದಾಟ್ತಲ್ಲ, ಆಗ ಶುರುವಾದ ಆಸೆ ಇದು. ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾಯಿ ಕಾದು, ಸುಲಿದು, ಒಡೆದು ಬಂದ ದುಡ್ಡು. ತಗಳ್ಲಿ, ನಂದೇನೂ ತಕರಾರಿಲ್ಲ. ಬೆಂಗಳೂರಲ್ಲಿರೋ ನಮ್ಮ ಮೈದುನನ ಮಗ ಫೋನಲ್ಲಿ ಹತ್ತಾರು ವಿಡಿಯೋ ನೋಡಿ ಒಂದು ನಕ್ಷೆ ಬರೆದು ಕಳಿಸ್ದ. ಹಿಂದುಗಡೆ ಆರಡಿ ಮಂಚ. ಅದರ ಎದುರಿಗೆ ಟೀವಿ. ಎಡಕ್ಕೆ ಅಡಿಗೆ ಕಟ್ಟೆ, ಕೆಳಗೆ ಫ್ರಿಡ್ಜು. ಮುಂದೆ ಸೋಫಾ, ಮಡಚೋ ಟೇಬಲ್ಲು. ಮೇಲೆ ಸೋಲಾರ್ ಪ್ಲೇಟು. ಎಲ್ಲಾ ಆದ್ಮೇಲೆ ಹಾಳೆ ಕೊನೇಲಿ ಸಣ್ಣಕ್ಷರದಲ್ಲಿ "ಜಾಗ ಉಳಿದ್ರೆ ಟಾಯ್ಲೆಟ್".

ಆ ಮೂರು ಪದದ ಮೇಲೆ ನಂಗೆ ಕ್ವಾಪ. ಇವತ್ತು ಅದನ್ನೇ ಬರೀತೀನಿ. ಓದೋ ಅಕ್ಕತಂಗೇರು, ವಾರಗಿತ್ತೀರು, ಬೀದಿ ಹೆಂಗಸರು ಯಾರಿಗೂ ಇದು ಹೊಸ ವಿಷಯ ಅಲ್ಲ. ಆದ್ರೆ ನಾವು ಇದನ್ನ ಒಬ್ಬರಿಗೊಬ್ಬರು ಪಿಸುಗುಟ್ಕತೀವಿ, ಗಂಡಸರ ಮುಂದೆ ಬಾಯಿಬಿಡಲ್ಲ. ಬಾಯಿಬಿಡದೆ ಇದ್ದದ್ದಕ್ಕೇ ಅದು ನಕ್ಷೆಯ ಕೊನೆ ಸಾಲಿಗೆ ಹೋಗಿ ಕೂತಿರೋದು.

ತುರುವೇಕೆರೆಯಿಂದ ಧರ್ಮಸ್ಥಳಕ್ಕೆ ಹೋಗೋ ದಾರಿ ನೆನೆಸ್ಕಳಿ. ಮಾಯಸಂದ್ರ, ಬೆಳ್ಳೂರು ಕ್ರಾಸು, ಹಿರೀಸಾವೆ, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಆಮೇಲೆ ಶಿರಾಡಿ ಘಾಟಿ ಇಳಿದು ಗುಂಡ್ಯ. ಐದಾರು ಗಂಟೆ ದಾರಿ, ಘಾಟಿಲಿ ಲಾರಿ ಸಿಕ್ಕಾಕ್ಕಂಡ್ರೆ ಇನ್ನೂ ಹೆಚ್ಚು. ಟೀಟಿ ಬಾಡಿಗೆಗೆ ತಗಂಡು ಹದಿಮೂರು ಜನ ಹೋಗ್ತೀವಿ. ಹೊರಡೋ ಹಿಂದಿನ ರಾತ್ರಿಯಿಂದ್ಲೇ ಹೆಂಗಸರು ನೀರು ಕುಡಿಯೋದು ನಿಲ್ಲಿಸ್ತೀವಿ. ಬೆಳಿಗ್ಗೆ ಕಾಫಿ ಅರ್ಧ ಲೋಟ. ಗಾಡೀಲಿ ಬಾಟ್ಲಿ ಬಂದ್ರೆ ತುಟಿ ಒದ್ದೆ ಮಾಡ್ಕಂಡು ಮುಂದಕ್ಕೆ ದಾಟಿಸೋದು. ಹಿರೀಸಾವೆ ದಾಟ್ತಿದ್ದಂಗೆ ಗಂಡಸರು "ಏ ಸೈಡಿಗಾಕಪ್ಪ" ಅಂತಾರೆ, ಇಳೀತಾರೆ, ಒಂದು ಮರ ನೋಡ್ಕತಾರೆ, ಪ್ಯಾಂಟ್ ಸರಿ ಮಾಡ್ಕಂಡು ಬಂದು ಹತ್ತಿ "ಹೂಂ ಹೊರಡು" ಅಂತಾರೆ. ಎರಡು ನಿಮಿಷದ ಕೆಲಸ. ನಾವು ಕಿಟಕಿಯಿಂದ ಇನ್ನೊಂದು ಕಡೆ ನೋಡ್ಕಂಡು ಕೂತಿರ್ತೀವಿ.

ಯಾರಾದ್ರೂ ಧೈರ್ಯ ಮಾಡಿ ಕೇಳಿದ್ರೆ ಡ್ರೈವರು ಪೆಟ್ರೋಲ್ ಬಂಕಲ್ಲಿ ನಿಲ್ಲಿಸ್ತಾನೆ. ಅಲ್ಲಿ ಬೀಗ. ಬೀಗದ ಕೈ ಇರೋ ಹುಡುಗ ಟೀ ಕುಡಿಯೋಕೆ ಹೋಗಿರ್ತಾನೆ. ಕೈ ಸಿಕ್ತು ಅಂದ್ರೆ ಒಳಗೆ ನೀರಿಲ್ಲ, ನೀರಿದ್ರೆ ಚಿಲಕ ಇಲ್ಲ. ಒಬ್ಬರು ಒಳಗೆ ಹೋದ್ರೆ ಇನ್ನೊಬ್ಬರು ಬಾಗಿಲು ಎಳ್ಕಂಡು ನಿಲ್ಲೋದು. ಸೀರೆ ನೆರಿಗೆ ಒಂದು ಕೈಲಿ, ಮೂಗು ಒಂದು ಕೈಲಿ, ಇನ್ನು ಆಸರೆಗೆ ಯಾವ ಕೈ? ನಮ್ಮ ವಯಸ್ಸಿಗೆ ಮಂಡಿ ಬೇರೆ ಬಗ್ಗಲ್ಲ. ಎಂಟು ಹೆಂಗಸರು ಸರದಿ ಮುಗಿಸೋಕೆ ಅರ್ಧ ಗಂಟೆ. ಆಗ ಮುಂದಿನ ಸೀಟಿಂದ ಒಂದು ಮಾತು ಬಂದೇ ಬರುತ್ತೆ: "ಈ ಹೆಂಗಸರನ್ನ ಕರ್ಕಂಡು ಬಂದ್ರೆ ಇಷ್ಟೇಯ." ಈ ಮಾತು ಕೇಳ್ದೆ ಇರೋಳು ನಮ್ಮ ಪೈಕಿ ಯಾರಾದ್ರೂ ಇದ್ರೆ ಕೈ ಎತ್ರಮ್ಮ.

ನಮ್ಮತ್ತೆಗೆ ಎಪ್ಪತ್ತೆಂಟು. ಸಕ್ಕರೆ ಕಾಯಿಲೆ ಐತೆ, ಬೀಪಿಗೆ ನೀರು ಹೋಗೋ ಮಾತ್ರೆ ತಗತಾರೆ. ಆ ಮಾತ್ರೆ ನುಂಗಿದ ದಿನ ಮುಕ್ಕಾಲು ಗಂಟೆಗೊಂದು ಸಲ ಹೋಗ್ಲೇಬೇಕು. ಮೂರು ವರ್ಷದಿಂದ ಅವರು ಧರ್ಮಸ್ಥಳಕ್ಕೂ ಬಂದಿಲ್ಲ, ಸುಬ್ರಹ್ಮಣ್ಯಕ್ಕೂ ಬಂದಿಲ್ಲ. ಕೇಳಿದ್ರೆ "ನಂಗ್ಯಾಕವ್ವ, ನೀವ್ ಹೋಗ್ಬನ್ನಿ, ನಾನು ಬೇಟೆರಾಯಸ್ವಾಮಿ ಗುಡೀಗೆ ಹೋಗಿ ಬತ್ತೀನಿ" ಅಂತಾರೆ. ಗಂಡುಮಕ್ಕಳು "ಅವ್ವನಿಗೆ ತಿರುಗಾಟ ಬೇಜಾರು" ಅಂದ್ಕಂಡವ್ರೆ. ಬೇಜಾರಲ್ಲ ಕಣ್ರಪ್ಪ, ಸೀರೆ ಒದ್ದೆಯಾದ್ರೆ ಏನು ಗತಿ ಅನ್ನೋ ಭಯ. ಒಂದು ಸಲ ಮಾತ್ರೆ ನುಂಗದೆ ಬಂದು, ವಾಪಸ್ ಬರೋ ಹೊತ್ತಿಗೆ ಕಾಲು ಊದಿ, ಎರಡು ದಿನ ಆಸ್ಪತ್ರೇಲಿದ್ರು. ನೀರು ಕುಡೀದೆ, ಬಂದದ್ದನ್ನ ತಡಕಂಡು ಕೂತ್ರೆ ಉರಿಮೂತ್ರ ಬರೋದು ಡಾಕ್ಟ್ರು ಹೇಳಬೇಕಾ? ಯಾತ್ರೆಯಿಂದ ಬಂದ ಮೂರನೇ ದಿನಕ್ಕೆ ನಮ್ಮಲ್ಲಿ ಎಷ್ಟು ಜನ ಬಾರ್ಲಿ ನೀರು ಕಾಯಿಸ್ಕಂಡು ಕುಡಿದಿಲ್ಲ! ಕೆಮ್ಮಿದ್ರೆ, ಸೀನಿದ್ರೆ ತೊಟ್ಟಿಕ್ಕೋ ವಯಸ್ಸು ನಮ್ಮದು. ಹೆಣ್ಮಕ್ಕಳು ಮುಟ್ಟಾಗಿದ್ರಂತೂ ಪ್ಯಾಡು ಬದಲಾಯಿಸೋಕೆ ಜಾಗ ಇಲ್ಲದೆ ಆರು ಗಂಟೆ ಹಂಗೇ ಕೂತಿರ್ತವೆ.

ಇದನ್ನೆಲ್ಲ ಸರಿ ಮಾಡೋಕೆ ಅಂತಲೇ ಅಲ್ವಾ ಸ್ವಂತ ವ್ಯಾನು? ಮಂಚ ಬೇಕು ಅಂದ್ರೆ ಲಾಡ್ಜಲ್ಲಿ ಸಿಗುತ್ತೆ, ಟೀವಿ ಮನೇಲೇ ಐತೆ. ದಾರೀಲಿ ಸಿಗದೆ ಇರೋದು ಒಂದೇ ಒಂದು. ಅದನ್ನ ಬಿಟ್ಟು ಮಿಕ್ಕಿದ್ದೆಲ್ಲ ಗಾಡಿಯೊಳಗೆ ತುಂಬಿಸಿದ್ರೆ ಅದು ಗಂಡಸರ ಆಟದ ಸಾಮಾನು.

ಹಿಂದಿನಿಂದ್ಲೂ ಇದು ಹಿಂಗೇ. ಯಾರಾದ್ರೂ ಮರ್ಯಾದೆ ಬಿಟ್ಟು ಕೂಗೋವರೆಗೂ ಗಾಡಿ ಮಾಡೋರಿಗೆ ಕಕ್ಕಸು ನೆನಪಾಗಲ್ಲ. ನಮ್ಮ ದೇಶದ ರೈಲಿನ ಕಥೆ ನೋಡಿ. 1909ರಲ್ಲಿ ಬಂಗಾಳದ ಕಡೆ ಓಖಿಲ್ ಚಂದ್ರ ಸೇನ್ ಅನ್ನೋ ಒಬ್ಬರು ಹಲಸಿನ ಹಣ್ಣು ತಿಂದು ರೈಲು ಹತ್ತಿದ್ರಂತೆ. ಹೊಟ್ಟೆ ಉಬ್ಬರಿಸ್ತು, ಒಂದು ಸ್ಟೇಷನ್ನಲ್ಲಿ ಇಳಿದು ಹೋದ್ರು. ಅಷ್ಟರಲ್ಲಿ ಗಾರ್ಡು ಸೀಟಿ ಊದ್ದ. ಒಂದು ಕೈಲಿ ಚೊಂಬು, ಇನ್ನೊಂದು ಕೈಲಿ ಪಂಚೆ ಹಿಡ್ಕಂಡು ಓಡಿ, ಪ್ಲಾಟ್‌ಫಾರಮ್ಮಲ್ಲಿ ಗಂಡಸರು ಹೆಂಗಸರು ಎಲ್ಲರ ಮುಂದೆ ಬಿದ್ರು. ಆ ಸಿಟ್ಟಿಗೆ ರೈಲ್ವೆ ಆಫೀಸಿಗೆ ಒಂದು ಕಾಗದ ಬರೆದ್ರು. ಆ ಕಾಗದ ದಿಲ್ಲಿಯ ರೈಲು ಮ್ಯೂಸಿಯಮ್ಮಲ್ಲಿ ಇಟ್ಟವ್ರೆ. ಬಡವರು ಕೂರೋ ಡಬ್ಬಿಗಳಿಗೂ ಕಕ್ಕಸು ಬಂದದ್ದು ಆ ಕಾಗದದಿಂದ ಅಂತ ಹೇಳ್ತಾರೆ. ಓದಿದಾಗ ನಗು ಬಂತು. ಆಮೇಲೆ ಯೋಚನೆ ಮಾಡ್ದೆ, ಅದೇ ರೈಲಲ್ಲಿ ಹೆಂಗಸರೂ ಇದ್ರಲ್ಲ, ಅವರಿಗೆ ಹೊಟ್ಟೆ ಇರಲಿಲ್ವಾ? ಇತ್ತು. ಬರೆಯೋಕೆ ನಾಚಿಕೆ ಇತ್ತು.

ಪುಣೆಯಲ್ಲಿ 2016ರಿಂದ ಹಳೇ ಬಸ್ಸುಗಳನ್ನ ಹೆಂಗಸರ ಶೌಚಾಲಯ ಮಾಡಿ ನಿಲ್ಲಿಸಿದ್ರು. ಅದಕ್ಕೆ 'ತೀ' ಅಂತ ಹೆಸರು, ಮರಾಠೀಲಿ 'ಅವಳು' ಅಂತ ಅರ್ಥ. ನಮ್ಮ ಕೆಎಸ್ಸಾರ್ಟಿಸಿಯೋರು 2020ರಲ್ಲಿ ಬೆಂಗಳೂರು ಮೆಜೆಸ್ಟಿಕ್ಕಲ್ಲಿ ಗುಜರಿಗೆ ಹೋಗೋ ಬಸ್ಸನ್ನೇ 'ಸ್ತ್ರೀ ಶೌಚಾಲಯ' ಮಾಡಿದ್ರು. ಅಲ್ಲಿ ನೆಲದ್ದೂ ಇತ್ತು, ಕಮೋಡೂ ಇತ್ತು, ಮಗೀಗೆ ಹಾಲು ಕುಡಿಸೋಕೂ ಜಾಗ ಇತ್ತು. ಗುಜರಿ ಬಸ್ಸಲ್ಲಿ ಆಗೋ ಕೆಲಸ ಲಕ್ಷಾಂತರ ಸುರಿಯೋ ಹೊಸ ವ್ಯಾನಲ್ಲಿ ಯಾಕಾಗಲ್ಲ? 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ನಮಗೆ ಬಸ್ಸು ಫ್ರೀ ಆಯ್ತು, ನಾವೂ ಊರೂರು ಸುತ್ತಿದ್ವಿ. ಟಿಕೆಟ್ ದುಡ್ಡು ಉಳೀತು. ನೀರು ಕುಡಿಯೋ ಧೈರ್ಯ ಮಾತ್ರ ಬರಲಿಲ್ಲ.

ಮೈದುನನ ಮಗ ತೋರಿಸೋ ವಿಡಿಯೋಗಳೆಲ್ಲ ಹೊರದೇಶದ್ದು. ಜರ್ಮನಿಯ ಫೋಕ್ಸ್‌ವ್ಯಾಗನ್ನೋರು 1950ರಲ್ಲಿ ಒಂದು ಡಬ್ಬಿ ವ್ಯಾನ್ ತಂದ್ರು, ಮರುವರ್ಷದಿಂದ್ಲೇ ವೆಸ್ಟ್‌ಫಾಲಿಯಾ ಅನ್ನೋರು ಅದರೊಳಗೆ ಮಂಚ, ಬೀರು ಕೂರಿಸಿ ಮಾರಿದ್ರು. ಜಗತ್ತಿಗೆಲ್ಲ ಕ್ಯಾಂಪರ್ ವ್ಯಾನ್ ಹುಚ್ಚು ಹತ್ತಿಸಿದ್ದೇ ಅದು. "ಅದರೊಳಗೆ ಟಾಯ್ಲೆಟ್ಟೇ ಇರಲಿಲ್ಲ ದೊಡ್ಡಮ್ಮ, ಜನ ಹೋಗ್ತಿರಲಿಲ್ವಾ?" ಅಂತ ಕೇಳ್ತಾನೆ. ಹೋಗ್ತಿದ್ರು ಕಣೋ ಮಗ. ಆದ್ರೆ ಅಲ್ಲಿ ವ್ಯಾನು ನಿಲ್ಲಿಸೋಕೆ ಅಂತಲೇ ಜಾಗಗಳವೆ, ಅಲ್ಲಿ ಶೌಚಾಲಯ, ಸ್ನಾನದ ಮನೆ ಎಲ್ಲಾ ಇರುತ್ತೆ. ನಮ್ಮ ಬೆಳ್ಳೂರು ಕ್ರಾಸಲ್ಲಿ ಅಂಥದ್ದು ಎಲ್ಲೈತೆ ತೋರಿಸು. 2021ರಲ್ಲಿ ಕೇರಳದೋರು 'ಕೆರವಾನ್' ಅಂತ ಶುರು ಮಾಡಿದಾಗ ವ್ಯಾನಿನ ಜೊತೆಗೆ ಅದು ನಿಲ್ಲೋ ಪಾರ್ಕೂ ಬೇಕು ಅಂತ ಸೇರಿಸೇ ಯೋಜನೆ ಮಾಡಿದ್ರು. ಅಷ್ಟು ಬುದ್ಧಿ ನಮಗೂ ಬೇಡ್ವಾ?

ಈಗ ನಮ್ಮನೆ ಎದುರುವಾದಗಳಿಗೆ ಬತ್ತೀನಿ.

ಮೊದಲನೇದು ಮೈಲಿಗೆ. ನಮ್ಮ ಭಾವನೋರು ಹೇಳಿದ್ದು: "ಅಡಿಗೆ, ಪ್ರಸಾದ, ದೇವರ ಫೋಟೋ ಇರೋ ಗಾಡೀಲಿ ಅದು ಬ್ಯಾರೆನಾ?" ನಾನು ಮದುವೆಯಾಗಿ ಬಂದಾಗ ನಮ್ಮ ಕಕ್ಕಸು ಹಿತ್ತಲ ಕೊನೇಲಿ, ತೆಂಗಿನ ಸಾಲು ದಾಟಿ ಇತ್ತು. ರಾತ್ರಿ ಹೋಗಬೇಕಾದ್ರೆ ಟಾರ್ಚು, ಜೊತೆಗೊಬ್ಬರು. ಮನೆಯೊಳಗೆ ಕಟ್ಟಿಸೋಣ ಅಂದಾಗ್ಲೂ ಇದೇ ಮೈಲಿಗೆ ಮಾತು ಬಂತು. ಈಗ ಅದೇ ಭಾವನೋರ ಹೊಸ ಮನೇಲಿ ದೇವರ ಮನೆ ಗೋಡೆಯ ಆಚೆಗೇ ಅಟ್ಯಾಚ್ ಬಾತ್‌ರೂಮು. ಟೈಲ್ಸ್ ಹಾಕಿದ್ರೆ ಮಡಿ, ವ್ಯಾನಿಗಾದ್ರೆ ಮೈಲಿಗೆ! ಇನ್ನು ವಾಸ್ತು ಕೇಳಿದ್ರು, ಕಕ್ಕಸು ಯಾವ ಮೂಲೆಗೆ ಬರಬೇಕು ಅಂತ. ಗಾಡಿ ಕೆ.ಬಿ. ಕ್ರಾಸಲ್ಲಿ ಬಲಕ್ಕೆ ತಿರುಗಿದ್ರೆ ಈಶಾನ್ಯ ಎಲ್ಲಿಗೆ ಹೋಗುತ್ತೆ ಭಾವ, ನೀವೇ ಹೇಳಿ ಅಂದೆ. ನಮ್ಮತ್ತೆ ಸೆರಗು ಅಡ್ಡ ಹಿಡಿದು ನಕ್ಕರು.

ಎರಡನೇದು, "ದಾರೀಲಿ ಹೋಟ್ಲು ಇರ್ತವಲ್ಲ." ಇರ್ತವೆ. ಹೋಟ್ಲು ಇದ್ದ ಕಡೆ ಒತ್ತಡ ಬರಲ್ಲ, ಒತ್ತಡ ಬಂದ ಕಡೆ ಹೋಟ್ಲು ಇರಲ್ಲ. ಶಿರಾಡೀಲಿ ಎರಡು ಗಂಟೆ ಗಾಡಿ ನಿಂತಾಗ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹೊಳೆ. ಎಲ್ಲಿಗೆ ಹೋಗೋದು?

ಮೂರನೇದು ವಾಸನೆ. ಇದು ನಿಜವಾದ ಪ್ರಶ್ನೆ, ಇದಕ್ಕೆ ಉತ್ತರವೂ ಐತೆ, ಕೆಳಗೆ ಬರೀತೀನಿ. ನಾಲ್ಕನೇದು, ಯಾರೂ ಬಾಯಿಬಿಟ್ಟು ಹೇಳದೆ ಮನಸ್ಸಲ್ಲೇ ಇಟ್ಕಂಡಿರೋದು: ತೊಳೆಯೋರು ಯಾರು? ಅದಕ್ಕೂ ಬತ್ತೀನಿ.

ಮೊದಲು ಗಾಡಿ. ಓಮ್ನಿ 2019ಕ್ಕೇ ನಿಂತೋಯ್ತು, ಈಗಿರೋದು ಈಕೋ. ಅದರಲ್ಲಿ ಇಬ್ಬರು ಮಲಗಬಹುದು ಅಷ್ಟೇ, ಬಾಗಿಲಿರೋ ಕಕ್ಕಸು ಆಗಲ್ಲ. ಎದ್ದು ನಿಲ್ಲೋಕೇ ಆಗಲ್ಲ, ಸೀರೆ ಹೆಂಗೆ ಎತ್ತೋದು? ವಿಂಗರ್ರು, ಟ್ರಾವೆಲರ್ರು ಈ ಗಾತ್ರಕ್ಕೆ ಬರಬೇಕು. ಟ್ರಾವೆಲರಲ್ಲಿ 3050, 3350, 4020 ಅಂತ ನಂಬರ್ ಹೇಳ್ತಾರಲ್ಲ, ಅದು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ, ಮಿಲಿಮೀಟರಲ್ಲಿ. 4020 ತಗಂಡ್ರೆ ನಮ್ಮ ಬೀದೀಲಿ ತಿರುಗಲ್ಲ, ತೋಟದ ದಾರೀಲಿ ಬದು ಕೆಡವುತ್ತೆ. 3350 ಸಾಕು. ಶೋರೂಮಿಗೆ ಹೋದ್ರೆ ನೀವೇ ಒಳಗೆ ಹೋಗಿ ನಿಂತು ನೋಡಿ, ಗಂಡಸರ ಮಾತಿಗೆ ತಲೆ ಆಡಿಸಬೇಡಿ. ತಲೆಗೆ ತಾಗುತ್ತಾ, ಮೆಟ್ಟಿಲು ಎಷ್ಟೆತ್ತರ, ಹಿಡಿಕಟ್ಟು ಐತಾ, ಅಷ್ಟು ನೋಡಿದ್ರೆ ಸಾಕು. ಮೊದಲ ಮೆಟ್ಟಿಲು ಒಂದಡಿಗಿಂತ ಎತ್ತರ ಇದ್ರೆ ಕೆಳಗೆ ಇನ್ನೊಂದು ಮಡಚೋ ಮೆಟ್ಟಿಲು ಹಾಕಿಸಲೇಬೇಕು.

ನಕ್ಷೆ ವಿಚಾರಕ್ಕೆ ನಾನು ಮಾಡಿದ್ದು ಇಷ್ಟು. ಕೊಬ್ಬರಿ ಒಡೆಯೋ ಕಣದಲ್ಲಿ ಸುಣ್ಣದ ಪುಡಿಯಲ್ಲಿ ಗಾಡಿಯ ಒಳಗಿನ ಅಳತೆ ಎಳೆದೆ. ಅಗಲ ಆರಡಿ ಆಸುಪಾಸು ಸಿಗುತ್ತೆ. ಅದರೊಳಗೆ ಎರಡೂವರೆ ಅಡಿ ಅಗಲ, ಮೂರಡಿ ಉದ್ದದ ಒಂದು ಚೌಕ. ಪ್ಲಾಸ್ಟಿಕ್ ಕುರ್ಚಿ ಇಟ್ಟು ನಮ್ಮತ್ತೆಯನ್ನ ಕೂರಿಸಿ, ಏಳಿಸಿ ನೋಡಿದ್ವಿ. ಎರಡಡಿ ಅಗಲಕ್ಕೆ ಮೊಣಕೈ ತಾಗುತ್ತೆ, ಎರಡೂವರೆಗೆ ಸಲೀಸು. ನಕ್ಷೆ ಬರೆಯೋರು ಮೊದಲು ಮನೆಯ ಹಿರೀ ಹೆಂಗಸನ್ನ ಕೂರಿಸಿ ಅಳೀಬೇಕು, ಮಂಚದಿಂದ ಶುರು ಮಾಡಬಾರದು.

ಅದನ್ನ ಎಲ್ಲಿ ಇಡೋದು? ವಿಡಿಯೋಗಳಲ್ಲಿ ಕೆಲವರು ಹಿಂದಿನ ಮೂಲೆಗೆ ಇಡ್ತಾರೆ. ಬೇಡ. ಹಿಂದಿನ ಚಕ್ರದ ಆಚೆಗೆ ಹೋದಷ್ಟೂ ಕುಲುಕಾಟ ಜಾಸ್ತಿ. ರಾತ್ರಿ ಎದ್ದರೆ ಮಲಗಿರೋರ ಕಾಲು ದಾಟ್ಕಂಡು ಹೋಗಬೇಕು. ಸೊಸೆ ಮಾವನ ಕಾಲು ದಾಟ್ಕಂಡು ಕಕ್ಕಸಿಗೆ ಹೋಗ್ತಾಳಾ? ಹೋಗಲ್ಲ, ಬೆಳಗಾಗೋ ತನಕ ತಡ್ಕಂಡು ಬಿದ್ದಿರ್ತಾಳೆ, ಅಲ್ಲಿಗೆ ಕಕ್ಕಸಿದ್ದೂ ಇಲ್ಲದಂಗೇ. ನನ್ನ ಮಾತು ಡ್ರೈವರ್ ಸೀಟಿನ ಹಿಂದೆ, ಬಲಗಡೆ ಗೋಡೆಗೆ. ಬಾಗಿಲು ಎಡಗಡೆ ಇರೋದ್ರಿಂದ ಹತ್ತಿದ ತಕ್ಷಣ ಎದುರಿಗೇ ಸಿಗುತ್ತೆ, ಹೊರಗೆ ಗದ್ದೇಲಿ ಓಡಾಡಿ ಬಂದ ಮಕ್ಕಳು ಒಳಗೆಲ್ಲ ಕೆಸರು ತುಳಿಯಲ್ಲ, ಮಲಗೋರು ಹಿಂದೆ ಇರ್ತಾರೆ.

ಬಾಗಿಲು ಒಳಕ್ಕೆ ತೆಗೆಯೋ ಹಂಗೆ ಇಡ್ಲೇಬಾರದು. ವಯಸ್ಸಾದೋರು ಒಳಗೆ ಜಾರಿ ಬಿದ್ರೆ ಮೈಯೇ ಅಡ್ಡ ಆಗಿ ಬಾಗಿಲು ತೆಗೆಯೋಕಾಗಲ್ಲ. ಪಕ್ಕಕ್ಕೆ ಸರಿಯೋ ಬಾಗಿಲು, ಹೊರಗಿಂದ್ಲೂ ಬಿಡಿಸೋ ಚಿಲಕ. ಕೂರೋ ಕಡೆ ಬಲಗೈಗೆ ಒಂದು ಸ್ಟೀಲ್ ಸರಳು. ಸೀರೆ ಸೆರಗು, ಬ್ಯಾಗು ತೂಗಾಕೋಕೆ ಒಣಗಿರೋ ಜಾಗದಲ್ಲಿ ಎರಡು ಕೊಕ್ಕೆ. ಮುಚ್ಚಳ ಇರೋ ಸಣ್ಣ ಕಸದ ಡಬ್ಬಿ, ಪ್ಯಾಡಿಗೆ. ನೆಲ ಪ್ಲೈವುಡ್ ಮೇಲೆ ಸನ್‌ಮೈಕಾ ಅಂಟಿಸಿದ್ರೆ ಎರಡು ಮಳೆಗಾಲಕ್ಕೆ ಉಬ್ಬಿ ಕೊಳೆಯುತ್ತೆ, ಫೈಬರಲ್ಲಿ ಒಂದೇ ತೊಟ್ಟಿ ಥರ ಮಾಡಿಸಿ ಎರಡಂಗುಲ ಹೊಸ್ತಿಲು ಬಿಡಿಸಬೇಕು. ನೀರು ಆಚೆ ಬಂದ್ರೆ ಒರೆಸೋರು ಯಾರು ಅಂತ ಗೊತ್ತಲ್ಲ. ಕನ್ನಡಿ, ಬಣ್ಣದ ಲೈಟು ಏನೂ ಬೇಡ.

ಇನ್ನು ಡಬ್ಬಿ. ಇಂಥ ಗಾಡೀಲಿ ಇಡೋದು ಕೆಳಗೆ ಕೊಳಚೆ ಡಬ್ಬಿ ಇರೋ ಕಮೋಡು, ಡಬ್ಬೀನ ಪೆಟ್ಟಿಗೆ ಥರ ಎಳೆದು ತಗಂಡು ಹೋಗಿ ಸುರಿಯೋದು. ಕ್ಯಾಸೆಟ್ ಅಂತಾರೆ, ಸುಮಾರು 20 ಲೀಟರ್ ಹಿಡಿಯುತ್ತೆ. ಹೊರದೇಶದೋರು ಕಾಗದದಲ್ಲಿ ಒರೆಸ್ಕತಾರೆ, ಅವರಿಗೆ ಮೂರು ದಿನ ಬರುತ್ತೆ ಅಂತ ವಿಡಿಯೋದಲ್ಲಿ ಹೇಳ್ತಾನೆ. ನಾವು ತೊಳ್ಕಳೋ ಜನ ಕಣ್ರೇ! ಲೆಕ್ಕ ಹಾಕಿ. ಒಂದಕ್ಕೆ ಹೋದ್ರೆ ಕಾಲು ಲೀಟರ್ ಮೇಲೆ, ತೊಳ್ಕಳೋಕೆ ಅರ್ಧ ಲೀಟರು, ಬಿಡೋಕೆ ಇನ್ನೊಂದು ಅರ್ಧ. ಹತ್ತತ್ರ ಒಂದೂಕಾಲು ಲೀಟರಾಯ್ತು. ಹದಿನಾರು ಸಲಕ್ಕೆ ಡಬ್ಬಿ ತುಂಬ್ತು. ಆರು ಜನ ದಿನಕ್ಕೆ ಐದೈದು ಸಲ ಹೋದ್ರೆ ಮೂವತ್ತು ಸಲ. ಅಂದ್ರೆ ಒಂದು ದಿನಕ್ಕೆ ಎರಡು ಡಬ್ಬಿ! ಈ ಲೆಕ್ಕ ನಕ್ಷೆ ಬರೆದೋನಿಗೆ ಹೊಳೀಲೇ ಇಲ್ಲ, ಯಾಕಂದ್ರೆ ಅವನ ಲೆಕ್ಕದಲ್ಲಿ ಅವನು ಮರದ ಹತ್ರ ಹೋಗ್ತಾನೆ. ಅದಕ್ಕೇ ಎರಡು ಡಬ್ಬಿ ಇರಲೇಬೇಕು, ಒಂದು ತುಂಬಿದ್ರೆ ಇನ್ನೊಂದು. ಚೊಂಬಿನ ಬದಲು ಸಣ್ಣ ಪಿಚಕಾರಿ ನಲ್ಲಿ ಇಟ್ರೆ ನೀರು ಅರ್ಧಕ್ಕರ್ಧ ಉಳಿಯುತ್ತೆ.

ನೀರಿನ ಟ್ಯಾಂಕು 100 ಲೀಟರ್ ಅಂದ್ರೆ 100 ಕೆ.ಜಿ., ಒಂದು ಕ್ವಿಂಟಲ್ ಕೊಬ್ಬರಿ ತೂಕ. ಅದನ್ನ ಮೇಲ್ಛಾವಣಿ ಮೇಲೆ ಇಡೋಣ ಅಂತ ಅವನ ಐಡಿಯಾ. ಘಾಟೀಲಿ ತಿರುವಲ್ಲಿ ತಲೆ ಮೇಲೆ ಒಂದು ಕ್ವಿಂಟಲ್ ನೀರು ಓಲಾಡಿದ್ರೆ ಏನಾಗುತ್ತೆ ಅಂತ ಎತ್ತಿನ ಗಾಡಿಗೆ ಹೊರೆ ಹೇರಿದೋರಿಗೆ ಗೊತ್ತು. ಭಾರ ಕೆಳಗಿರಬೇಕು, ಎರಡು ಚಕ್ರದ ಮಧ್ಯೆ. ಮೇಲಿಂದ ಸುರಿಯೋ ಷವರ್ ಬೇಕಂತೆ ಅವನಿಗೆ, ಹತ್ತು ನಿಮಿಷಕ್ಕೆ ಟ್ಯಾಂಕು ಖಾಲಿ. ಕೈ ಕಾಲು ಮುಖಕ್ಕೆ, ಮೈ ಒರೆಸ್ಕಳೋಕೆ ಒಂದು ನಲ್ಲಿ ಸಾಕು. ಸ್ನಾನಕ್ಕೆ ನೇತ್ರಾವತಿ ಐತೆ.

ವಾಸನೆಗೆ ಉತ್ತರ. ಡಬ್ಬಿಗೂ ಮೇಲಿನ ಗುಂಡಿಗೂ ನಡುವೆ ಒಂದು ಎಳೆಯೋ ತಟ್ಟೆ ಇರುತ್ತೆ, ಕೆಲಸ ಆದ ತಕ್ಷಣ ಮುಚ್ಚಬೇಕು. ಛಾವಣೀಲಿ ಗಾಳಿ ಆಚೆ ಎಳೆಯೋ ಸಣ್ಣ ಫ್ಯಾನು. ಡಬ್ಬಿಗೆ ಔಷಧಿ ಹಾಕ್ತಾರೆ, ಅದರಲ್ಲಿ ಫಾರ್ಮಾಲಿನ್ ಇರೋದು ತಗಬೇಡಿ, ಆಮೇಲೆ ಮನೆ ಗುಂಡಿಗೆ ಸುರಿದ್ರೆ ಗುಂಡಿಯೊಳಗೆ ಕೊಳೆಸೋ ಒಳ್ಳೇ ಕ್ರಿಮಿಗಳೂ ಸಾಯ್ತವೆ. ಗಾಡಿ ಓಡ್ತಿರುವಾಗ ಒಳಗೆ ಹೋಗೋದು ಬೇಡ, ಬಿದ್ರೆ ಸೊಂಟ ಹೋಗುತ್ತೆ. ಸಮತಟ್ಟಾದ ಕಡೆ ನಿಲ್ಲಿಸಿ. ನಿಲ್ಲಿಸೋಕೆ ಬಂಕು ಹುಡುಕಬೇಕಿಲ್ಲ ಅನ್ನೋದೇ ಇದರ ಸುಖ.

ಜಾಗ ಎಲ್ಲಿಂದ ಬರುತ್ತೆ ಅಂತೀರಾ? ಅಡಿಗೆ ಕಟ್ಟೆಯಿಂದ. ಅಲ್ಲ, ವ್ಯಾನಲ್ಲಿ ಅಡಿಗೆಮನೆ ಬೇಕು ಅಂತ ನಮ್ಮನ್ನ ಯಾರು ಕೇಳಿದ್ರು? "ಹೊಳೆ ದಂಡೇಲಿ ಗಾಡಿ ನಿಲ್ಲಿಸಿ ಬಿಸಿಬಿಸಿ ಬೋಂಡ" ಅಂತ ಗಂಡಸರು ಬಾಯಿ ಚಪ್ಪರಿಸ್ತಾರೆ. ಬೋಂಡ ತನ್ನಷ್ಟಕ್ಕೆ ತಾನೇ ಎಣ್ಣೇಲಿ ಮುಳುಗಿ ಏಳುತ್ತಾ? ವರ್ಷಪೂರ್ತಿ ಒಲೆ ಮುಂದೆ ನಿಂತು, ನಾಲ್ಕು ದಿನ ತಪ್ಪಿಸ್ಕಳಾಣ ಅಂತ ಟೂರ್ ಹೋದ್ರೆ ಒಲೆಯೇ ಹಿಂದೆ ಬರುತ್ತೆ. ಮುಚ್ಚಿದ ಗಾಡೀಲಿ ಗ್ಯಾಸ್ ಸಿಲಿಂಡರ್ ಬೇರೆ. ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಎರಡು ಫ್ಲಾಸ್ಕ್ ಕಾಫಿ, ಇಷ್ಟರಲ್ಲಿ ನಮ್ಮ ತಾಯಂದಿರು ಕಾಶಿಗೇ ಹೋಗಿ ಬಂದವ್ರೆ. ಮೇಲಾಗಿ ದೇವಸ್ಥಾನದಲ್ಲಿ ಊಟ ಹಾಕ್ತಾರೆ. ಆ ಮೂರಡಿ ಕಟ್ಟೆ ಕಿತ್ತಾಕಿದ್ರೆ ಕಕ್ಕಸಿನ ಜಾಗ ಬಂತು. ಫ್ರಿಡ್ಜ್ ಮಾತ್ರ ಇರಲಿ, ಸಣ್ಣದು, ನಮ್ಮತ್ತೆ ಇನ್ಸುಲಿನ್ನಿಗೆ.

ಈಗ ತೊಳೆಯೋ ಮಾತು. ಆ ಡಬ್ಬಿ ನಾವು ಎತ್ತಲ್ಲ. 20 ಲೀಟರ್ ಅಂದ್ರೆ 20 ಕೆ.ಜಿ. ಮೇಲೆ. ಎಪ್ಪತ್ತು ಕೆ.ಜಿ. ಕಾಯಿ ಮೂಟೆ ಹೊರ್ತೀವಿ ಅನ್ನೋ ಗಂಡಸರಿಗೆ ಇದು ಭಾರ ಆಗಬಾರದು. ನಮ್ಮೆಜಮಾನ್ರು ಹೇಳಿದ್ರು, "ಲಾಡ್ಜ್ ಹತ್ರ ಯಾರಿಗಾದ್ರೂ ಇನ್ನೂರು ರೂಪಾಯಿ ಕೊಟ್ರೆ ಸುರಿದು ತೊಳ್ಕೊಡ್ತಾರೆ ಬಿಡು." ಆ ಮಾತಿಗೆ ನಂಗೆ ನಿಜವಾಗ್ಲೂ ಮೈ ಉರೀತು. ನಮ್ಮ ಹೇಲು ಇನ್ನೊಬ್ಬರ ಮನೆ ಮಗನ ಕೈಲಿ ಯಾಕೆ ಎತ್ತಿಸಬೇಕು? ಆ ಇನ್ನೂರು ರೂಪಾಯಿಗೆ ಬರೋನು ಯಾವ ಕೇರಿಯೋನು ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡಲ್ಲ. ಮಲ ಹೊರಿಸೋದನ್ನ ನಿಲ್ಲಿಸಬೇಕು ಅಂತ 2013ರಲ್ಲಿ ಕಾನೂನೇ ಬಂತು. ನಮ್ಮ ಡಬ್ಬಿ ಆ ಕಾನೂನಿಗೆ ಬೀಳುತ್ತೋ ಇಲ್ವೋ ಅನ್ನೋ ಚರ್ಚೆ ವಕೀಲರಿಗೆ ಬಿಡಿ, ಮನಸ್ಸಿಗೆ ಬೀಳುತ್ತಲ್ಲ. ವ್ಯಾನು ಯಾರ ಹೆಸರಲ್ಲಿ ಇರುತ್ತೋ ಅವರೇ ಡಬ್ಬಿ ಎತ್ತೋದು. ಸುರಿಯೋದು ಕಕ್ಕಸಿನ ಗುಂಡಿಗೋ ಯುಜಿಡಿಗೋ, ಚರಂಡಿಗಲ್ಲ, ಕಾಡಿಗಲ್ಲ, ಕುಮಾರಧಾರೆಗಂತೂ ಅಲ್ವೇ ಅಲ್ಲ. ಕೆಳಗೆ ಜನ ತಲೆ ಮೇಲೆ ಪ್ರೋಕ್ಷಣೆ ಮಾಡ್ಕತಿರ್ತಾರೆ.

ಆರ್‌ಟಿಓ ವಿಚಾರ ಎರಡೇ ಮಾತು. ಮೋಟಾರು ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡೀನ ಮನಸ್ಸಿಗೆ ಬಂದಂಗೆ ಬದಲಾಯಿಸೋ ಹಂಗಿಲ್ಲ, ಕ್ಯಾರವಾನ್ ಅಂತಲೇ ಅನುಮತಿ ಇರೋರ ಹತ್ರ ಮಾಡಿಸಿ ಆರ್‌ಸಿಯಲ್ಲಿ ಬರೆಸಬೇಕು. ತಿಪಟೂರು ರಸ್ತೆ ಯಾವುದೋ ವೆಲ್ಡಿಂಗ್ ಶಾಪಲ್ಲಿ ಸೀಟು ಕಿತ್ತು ಮಂಚ ಬೆಸೆದ್ರೆ, ಏನಾದ್ರೂ ಆದಾಗ ಇನ್ಶೂರೆನ್ಸು ಕೈ ಎತ್ತುತ್ತೆ.

ಸ್ವಂತ ವ್ಯಾನು ತಗಳೋ ಯೋಗ ಇಲ್ಲದೋರೂ ಸುಮ್ಮನಿರಬೇಡಿ. ಟೀಟಿ ಬಾಡಿಗೆ ಮಾತಾಡುವಾಗ ಗಂಡಸರು ಕಿಲೋಮೀಟರ್ ರೇಟು, ಡ್ರೈವರ್ ಬತ್ತ, ಏಸಿ ಐತಾ ಇಷ್ಟೇ ಕೇಳ್ತಾರೆ. ನೀವು ಫೋನ್ ಇಸ್ಕಂಡು "ಹಿಂದಿನ ಮೂಲೆ ಸೀಟು ಒಂದು ಬಿಚ್ಚಿ ಕೊಡ್ತೀರಾ, ಪರದೆ ಕಟ್ಕತೀವಿ" ಅಂತ ಕೇಳಿ. ಕೈಲಿ ಹಿಡ್ಕಂಡು ಹೋಗೋ ಡಬ್ಬಿ ಕಮೋಡು ಈಗ ಆನ್‌ಲೈನಲ್ಲಿ ಸಿಗುತ್ತೆ. ಕೆಲವು ಒಂದಡಿ ಎತ್ತರವೇ ಇರ್ತವೆ, ನಮ್ಮ ಮಂಡಿಗೆ ಆಗಲ್ಲ, ಅಳತೆ ನೋಡಿ ತರಿಸಿ, ಇಲ್ಲಾ ಕೆಳಗೆ ನಾಲ್ಕಂಗುಲ ಹಲಗೆ ಇಡಿ. ನಾಲ್ಕು ಮನೆ ಸೇರಿ ಒಂದು ತರಿಸಿದ್ರೂ ಆಯ್ತು, ಮದುವೆ ಪಾತ್ರೆ ಥರ ಯಾರು ಹೋಗ್ತಾರೋ ಅವರು ಒಯ್ಯೋದು.

ನಮ್ಮನೆ ನಕ್ಷೆ ಈಗ ಮೂರನೇ ಸಲ ಬದಲಾಗೈತೆ. ಅಡಿಗೆ ಕಟ್ಟೆ ಹೋಯ್ತು. ಮಂಚ ಅರ್ಧ ಅಡಿ ಚಿಕ್ಕದಾಯ್ತು, ಮೈದುನಂಗೆ ಕಾಲು ಚಾಚೋಕಾಗಲ್ವಂತೆ, ಮಡಚ್ಕಂಡು ಮಲಗ್ಲಿ. ಟೀವಿಗೆ ಇನ್ನೂ ಜಗಳ ನಡೀತೈತೆ, ಅದು ಗೋಡೆಗೆ ನೇತಾಕೋದು, ಜಾಗ ತಿನ್ನಲ್ಲ, ನಾನು ಬಿಟ್ಕೊಟ್ಟೆ. ಎರಡನೇ ಡಬ್ಬಿಗೆ ಮಾತ್ರ "ಅದೊಂದು ದಂಡದ ಖರ್ಚು" ಅಂತ ಇನ್ನೂ ಒಪ್ಪಿಲ್ಲ. ಈ ಭಾನುವಾರ ಮೈದುನನ ಮಗ ಬತ್ತಾನೆ, ಹದಿನಾರು ಸಲದ ಲೆಕ್ಕ ಬರೆದಿಟ್ಟಿದೀನಿ, ಅವನ ಕೈಲೇ ಕೂಡಿಸ್ತೀನಿ.